ಬಾಗುವ ಮುಕ್ಕಾಲಿ

ನಮ್ಮ ಛಂದಸ್ಸಿನಲ್ಲಿ ತ್ರಿಪದಿಗೆ ಮೂರು ಪಾದಗಳು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಗಟ್ಟಿಯಾಗಿ ಕಾಲೂರಿ ನಿಂತಿದೆ. ಆ ತ್ರಿಪದಿಯನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನನಗೆ, ನಿವೃತ್ತನಾದ ಮೇಲೆ ಮೂರು ಪಾದಗಳ ಇನ್ನೊಂದು ವಸ್ತುವಿನ ಸಹವಾಸ ಒದಗಿತು. ಕೇಳುಗರೇ, ಇಂದು ನಾನು ಹೇಳಹೊರಟಿರುವುದು ಅದರ ಸಂಗತಿಯನ್ನೇ. ಅಂಗಡಿಯವರು ಅದನ್ನು ಟ್ರೈಪಾಡ್ ಎನ್ನುತ್ತಾರೆ. ನಾನು ಮುಕ್ಕಾಲಿ ಎನ್ನುತ್ತೇನೆ.

ಛಾಯಾಚಿತ್ರಕಾರರು ಹೆಗಲ ಮೇಲೆ ಹೊತ್ತು ತಿರುಗುವ ಎತ್ತರದ ಮುಕ್ಕಾಲಿಯನ್ನು ನೀವು ಮದುವೆಮನೆಗಳಲ್ಲಿ ಕಂಡಿದ್ದೀರಿ. ನನ್ನದು ಅದಲ್ಲ. ಗೇಣಿಗಿಂತ ತುಸು ಉದ್ದ, ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ. ಒಂದೊಂದು ಕಾಲೂ ಮಣಿಗಳನ್ನು ಪೋಣಿಸಿದಂತಿದೆ. ಒಂದು ಗುಂಡು ಮುಂದಿನದರ ಬಟ್ಟಲಿನೊಳಗೆ ಬಿಗಿಯಾಗಿ ಕೂತು, ಎತ್ತ ತಿರುಚಿದರೆ ಅತ್ತ ತಿರುಗಿ, ಬಿಟ್ಟಲ್ಲಿಯೇ ನಿಲ್ಲುತ್ತದೆ. ಜಾರದಿರಲೆಂದು ರಬ್ಬರಿನ ಬಳೆಗಳು. 2006ರಲ್ಲಿ ಅಮೆರಿಕದ ಜೋಬಿ ಎಂಬ ಸಂಸ್ಥೆ ಗೊರಿಲ್ಲಾಪಾಡ್ ಎಂಬ ಹೆಸರಿನಲ್ಲಿ ಇಂಥದನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಅದರ ಅನುಕರಣೆಗಳು ಬೀದಿಬೀದಿಗೂ ಬಂದವು. ನನ್ನ ಮಗಳು ತಂದುಕೊಟ್ಟಾಗ ನಾನು ಅದನ್ನು ಆಟಿಕೆಯೆಂದೇ ಭಾವಿಸಿ ಪುಸ್ತಕದ ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದೆ. ಅದನ್ನು ಕೆಳಗಿಳಿಸಿದ್ದು ನನ್ನದೇ ಒಂದು ತಪ್ಪು.

2014ರಲ್ಲಿ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹೊಲದ ಬದುವಿನ ಮೇಲೆ, ಹೊಂಗೆಯ ಮರದ ಕೆಳಗೆ ಒಂದು ವೀರಗಲ್ಲನ್ನು ನೋಡಿದೆ. ಹನ್ನೆರಡನೆಯ ಶತಮಾನದ ಲಿಪಿ. ಕೆಳಗಿನ ಹಂತದಲ್ಲಿ ತುಱುಗೋಳಿನ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ನೆತ್ತಿಯಲ್ಲಿ ಸೂರ್ಯಚಂದ್ರರು. ಹಂತಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರಗಳು. ಕಲ್ಲು ಅರ್ಧ ಹೂತುಹೋಗಿದ್ದುದರಿಂದ ಕೊನೆಯ ಸಾಲು ನನ್ನ ಪಾದದ ಮಟ್ಟದಲ್ಲಿತ್ತು. ಮುಸ್ಸಂಜೆಯಾಗಿತ್ತು, ಕಡೆಯ ಬಸ್ಸು ತಪ್ಪೀತೆಂಬ ಆತುರ ಬೇರೆ. ಕುಕ್ಕರಗಾಲಿನಲ್ಲಿ ಕೂತು ನಾಲ್ಕಾರು ಚಿತ್ರ ತೆಗೆದುಕೊಂಡು ಬಂದೆ. ಮನೆಯಲ್ಲಿ ಆ ಚಿತ್ರಗಳನ್ನು ಇಟ್ಟುಕೊಂಡು ಶಾಸನವನ್ನು ಓದಿ, ಒಂದು ಸಣ್ಣ ಲೇಖನ ಬರೆದೆ. ಅದು ಅಚ್ಚಾಯಿತು.

ಒಂದೆರಡು ವರ್ಷದ ಮೇಲೆ ಆ ಕಡೆಯ ಪ್ರೌಢಶಾಲೆಯ ಅಧ್ಯಾಪಕರೊಬ್ಬರಿಂದ ಕಾಗದ ಬಂತು. ಬಹಳ ವಿನಯದ ಕಾಗದ. ವೀರನ ಹೆಸರಿನ ಎರಡನೆಯ ಅಕ್ಷರವನ್ನು ನಾನು ವಕಾರವೆಂದು ಓದಿರುವುದಾಗಿಯೂ, ತಾವು ಕಲ್ಲನ್ನು ಬೆರಳಿನಿಂದ ತಡವಿ ನೋಡಲಾಗಿ ಅದು ಪಕಾರವೆಂದು ತೋರುವುದಾಗಿಯೂ ಬರೆದಿದ್ದರು. ನಾನು ನನ್ನ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ವಕಾರವೇ! ಆದರೆ ಈ ಸಲ ಭೂತಗನ್ನಡಿ ಹಿಡಿದು ನೋಡಿದಾಗ, ಅಕ್ಷರಗಳ ಅಂಚೆಲ್ಲ ಜೋಡಿಗೆರೆಯಾಗಿರುವುದು ಕಂಡಿತು. ನನ್ನ ಕೈ ನಡುಗಿತ್ತು. ಪಕಾರಕ್ಕೂ ವಕಾರಕ್ಕೂ ಇರುವ ಭೇದ ತಲೆಯ ಬಳಿಯ ಒಂದು ಸಣ್ಣ ತೆರಪು ಮಾತ್ರ. ಆ ತೆರಪನ್ನು ನನ್ನ ಕೈಯ ನಡುಕ ಮುಚ್ಚಿಹಾಕಿತ್ತು. ಕಲ್ಲಿನಲ್ಲಿ ಎಂಟುನೂರು ವರ್ಷ ಸರಿಯಾಗಿಯೇ ಉಳಿದಿದ್ದ ಒಬ್ಬ ಮನುಷ್ಯನ ಹೆಸರನ್ನು ನಾನು ಕಾಗದದಲ್ಲಿ ಕೆಡಿಸಿದ್ದೆ. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ಇದ್ದ ಆಸ್ತಿಯೆಂದರೆ ಆ ಹೆಸರೊಂದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ಅದು ಅಲಂಕಾರದ ಮಾತಲ್ಲ.

ಕೈಯಲ್ಲಿ ಹಿಡಿದು ಚಿತ್ರ ತೆಗೆಯುವವರಿಗೆ ಒಂದು ಹಳೆಯ ಸೂತ್ರವಿದೆ. ಲೆನ್ಸಿನ ಸಂಗಮದೂರ 50 ಮಿಲಿಮೀಟರ್ ಆದರೆ ಶಟರು ಸೆಕೆಂಡಿನ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂಬುದು ಅದು. ಯುವಕರ ಕೈಗೆ ಹೇಳಿದ ಮಾತು. ಮರದ ನೆರಳಿನ ಸಂಜೆಯಲ್ಲಿ, ಕಲ್ಲಿನ ಉಬ್ಬುತಗ್ಗುಗಳೆಲ್ಲ ಸ್ಪಷ್ಟವಾಗಲೆಂದು ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದರೆ, ಅರ್ಧ ಸೆಕೆಂಡು, ಒಂದು ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಅಲುಗದಿರುವ ಕೈ ಯಾರಿಗೂ ಇಲ್ಲ. ಈಗಿನ ಕ್ಯಾಮೆರಾಗಳಲ್ಲಿ ನಡುಕವನ್ನು ತಗ್ಗಿಸುವ ಏರ್ಪಾಡು ಇದೆಯೆಂಬುದು ನಿಜ. ಅದು ಸಾಲವಿದ್ದಂತೆ, ಒಂದು ಮಿತಿಯವರೆಗೆ ಮಾತ್ರ ದೊರೆಯುತ್ತದೆ.

ಶಾಸನದ ಚಿತ್ರಕ್ಕೆ ಇನ್ನೊಂದು ತೊಡಕುಂಟು. ಬೆಳಕು ಎದುರಿನಿಂದ ಬಿದ್ದರೆ ಸವೆದ ಅಕ್ಷರ ಕಾಣುವುದೇ ಇಲ್ಲ. ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಿಂದ ಬೀಳಬೇಕು. ಆಗ ಒಂದೊಂದು ಗೆರೆಯಲ್ಲೂ ನೆರಳು ತುಂಬಿ ಅಕ್ಷರ ತಾನಾಗಿ ಮೇಲೇಳುತ್ತದೆ. ಹಿಂದೆ ಕೆಲವರು ಅಕ್ಷರಗಳಿಗೆ ಸೀಮೆಸುಣ್ಣ ತುಂಬುತ್ತಿದ್ದರು. ಅದು ಅನಾಚಾರ. ಸುಣ್ಣ ತುಂಬುವವನು ತಾನು ಓದಿದ್ದನ್ನೇ ಕಲ್ಲಿನ ಮೇಲೆ ಬರೆಯುತ್ತಾನೆ. ಮಬ್ಬುಗತ್ತಲೆಯಲ್ಲಿ ಬ್ಯಾಟರಿ ದೀಪವನ್ನು ಬದಿಯಲ್ಲಿ ಹಿಡಿದರೆ ಕಲ್ಲನ್ನು ಮುಟ್ಟದೆಯೇ ಓದಬಹುದು. ಆದರೆ ದೀಪ ಹಿಡಿಯಲು ಎರಡು ಮಾರು ಆಚೆಗೆ ಹೋಗಬೇಕು. ಕ್ಯಾಮೆರಾವನ್ನು ಹಿಡಿಯುವವರಾರು?

ಆಗ ಕಪಾಟಿನ ಮೇಲಿದ್ದ ಆಟಿಕೆಯ ನೆನಪಾಯಿತು.

1854ರ ಡಿಸೆಂಬರಿನಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದದ್ದು ಭಾರಿ ಗಾತ್ರದ ಕ್ಯಾಮೆರಾದಿಂದ. ನನಗೆ ಅಂಥ ಸಾಧನವೂ ಇಲ್ಲ, ಹೊರುವ ಶಕ್ತಿಯೂ ಇಲ್ಲ. ಎತ್ತರದ ಮುಕ್ಕಾಲಿ ಇದ್ದಿದ್ದರೂ ಪಾದದ ಮಟ್ಟದ ಸಾಲಿಗೆ ಅದು ಬಗ್ಗುವುದಿಲ್ಲ. ಈ ಪುಟ್ಟದ್ದು ಕಾಲುಗಳನ್ನು ಕಪ್ಪೆಯಂತೆ ಚಾಚಿ ನೆಲಕ್ಕೆ ಅಂಟಿ ಕೂರುತ್ತದೆ. ಬೇಕೆಂದರೆ ಬೇಲಿಯ ಗೂಟಕ್ಕೋ ಸೈಕಲ್ಲಿನ ಹ್ಯಾಂಡಲಿಗೋ ಸುತ್ತಿಕೊಳ್ಳುತ್ತದೆ. ಮೇಲಿನ ತಿರುಪು ಕಾಲಂಗುಲದ್ದು. ಹೆಚ್ಚುಕಡಮೆ ಎಲ್ಲ ಕ್ಯಾಮೆರಾಗಳಿಗೂ ಅದೇ ಅಳತೆ. ಮೊಬೈಲ್ ಫೋನಿಗಾದರೆ ಒಂದು ಹಿಡಿಕೆಯನ್ನು ಬೇರೆಯಾಗಿ ಕೊಳ್ಳಬೇಕು.

ಬಳಸಿ ಕಲಿತ ಒಂದೆರಡು ಮಾತುಗಳನ್ನು ಹೇಳಿಬಿಡುತ್ತೇನೆ. ಒಂದು ಕಾಲು ಲೆನ್ಸಿನ ನೇರ ಕೆಳಗೆ ಮುಂದಕ್ಕೆ ಚಾಚಿರಲಿ. ಇಲ್ಲವಾದರೆ ಕ್ಯಾಮೆರಾ ಮೂಗು ಕೆಳಗಾಗಿ ಮುಗ್ಗರಿಸುತ್ತದೆ. ಭಾರ ಹೆಚ್ಚಾದರೆ ಮಣಿಗಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕುಸಿಯುತ್ತವೆ, ಚಿತ್ರ ಮಾತ್ರ ಅದನ್ನು ಕಾಣುತ್ತದೆ. ಗುಂಡಿಯನ್ನು ಬೆರಳಿನಿಂದ ಒತ್ತುವುದೇ ಒಂದು ನಡುಕವಾದ್ದರಿಂದ ಎರಡು ಸೆಕೆಂಡು ತಡೆದು ತೆರೆಯುವ ಸೌಕರ್ಯವನ್ನು ಬಳಸುವುದು ಲೇಸು. ಗಾಳಿಯಲ್ಲಿ ಮರದ ಕೊಂಬೆಗೆ ಸುತ್ತಿ ಪ್ರಯೋಜನವಿಲ್ಲ. ಶಿಲ್ಪಕ್ಕೆ ಸುತ್ತುವುದಂತೂ ಕೂಡದು. ಮದನಿಕೆಯ ತೋಳು ಗೂಟವಲ್ಲ. ಇನ್ನು, ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಬಳಸಲು ಅನುಮತಿ ಬೇಕು. ನನ್ನದು ಗೇಣುದ್ದದ್ದೆಂದು ಕಾವಲುಗಾರನೊಡನೆ ವಾದಿಸಿ ಸೋತಿದ್ದೇನೆ. ಅವನ ಮಾತೇ ಸರಿ.

ಮನೆಯಲ್ಲಿಯೂ ಅದಕ್ಕೆ ಬಿಡುವಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ, ಮುಟ್ಟಿದರೆ ಪುಡಿಯಾಗುವ ಹಳೆಯ ಕಾಗದಪತ್ರಗಳನ್ನು ಮೇಲಿನಿಂದ ಚಿತ್ರ ತೆಗೆದುಕೊಳ್ಳುತ್ತೇನೆ. ನನ್ನ ಹೆಂಡತಿ ಅದನ್ನು ಅಡುಗೆಮನೆಗೆ ಒಯ್ದು ಫೋನಿಗೆ ಆಸರೆ ಮಾಡಿಕೊಳ್ಳುತ್ತಾಳೆ. ಕೇಳಿದರೆ, ನಿಮ್ಮ ಶಾಸನಕ್ಕಿಂತ ನಮ್ಮ ಮಾತುಕತೆ ಹಳೆಯದಲ್ಲವೆ ಎನ್ನುತ್ತಾಳೆ.

2022ರ ಜನವರಿಯಲ್ಲಿ ಮತ್ತೆ ಆ ಹೊಲಕ್ಕೆ ಹೋದೆ. ಕಾಗದ ಬರೆದಿದ್ದ ಅಧ್ಯಾಪಕರೂ ಜೊತೆಗಿದ್ದರು. ಹೊಲದ ಯಜಮಾನರು ಮುಕ್ಕಾಲಿಯನ್ನು ತಿರುಗಿಸಿ ನೋಡಿ, "ಮೇಷ್ಟ್ರೇ, ಇದು ಏಡಿಯೋ ಯಂತ್ರವೋ?" ಎಂದರು. ಹೊತ್ತು ಮುಳುಗಿದ ಮೇಲೆ ಅದನ್ನು ಕಲ್ಲಿನ ಮುಂದೆ ನೆಲದ ಮೇಲೆ ಕೂರಿಸಿ, ನಾನು ಬದಿಯಲ್ಲಿ ದೀಪ ಹಿಡಿದೆ. ನಾಲ್ಕು ಸೆಕೆಂಡು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಆ ಅಕ್ಷರ ಮೂಡಿತು. ತಲೆಯ ಬಳಿ ತೆರಪು ಸ್ಪಷ್ಟವಾಗಿತ್ತು. ಪಕಾರ. ಅಧ್ಯಾಪಕರು ಏನೂ ಹೇಳಲಿಲ್ಲ. ಯಜಮಾನರಿಗೆ ಮಾತ್ರ ಆ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಅವರೂ ಒಮ್ಮೆ ಹೇಳಿನೋಡಿದರು. ತಿದ್ದುಪಡಿಯನ್ನು ಮುಂದಿನ ತಿಂಗಳೇ ಬರೆದು ಕಳಿಸಿದೆ.

ಹೊರಡುವ ಮುನ್ನ ಮುಕ್ಕಾಲಿಯನ್ನು ಅಧ್ಯಾಪಕರ ಸೈಕಲ್ಲಿಗೆ ಸುತ್ತಿ, ಹತ್ತು ಸೆಕೆಂಡಿನ ತಡೆಯನ್ನು ಇಟ್ಟೆ. "ಸರ್, ನೀವೂ ಬೇಗ ಬನ್ನಿ" ಎಂದು ಅವರು ಕೂಗಿದರು. ಉಳುಮೆಯ ಹೆಂಟೆಗಳ ಮೇಲೆ ಓಡಿಹೋಗಿ ಕಲ್ಲಿನ ಪಕ್ಕ ನಿಂತೆ. ಆ ಚಿತ್ರದಲ್ಲಿ ಕಲ್ಲು, ಯಜಮಾನರು, ಅಧ್ಯಾಪಕರು ಎಲ್ಲರೂ ಸ್ಪಷ್ಟವಾಗಿದ್ದಾರೆ. ನನ್ನ ಎಡಗೈ ಮಾತ್ರ ಅಲುಗಿದೆ.