ಧಗೆಯಲ್ಲೂ ಏರಿದ ಸೋಂಕು



2020ರ ಮಾರ್ಚ್ ತಿಂಗಳು ನಿಮಗೆಲ್ಲ ನೆನಪಿರಬೇಕು. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ನೆರೆಯ ಕಲಬುರಗಿಯಲ್ಲಿ. ಆ ಸುದ್ದಿಗೆ ಎದೆ ನಡುಗಿದರೂ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಅನೇಕರಿಗೆ ಒಂದು ಧೈರ್ಯವಿತ್ತು: ‘ನಮ್ಮ ಬಿಸಲಾಗ ಆ ಜಡ್ಡು ಉಳಿಯಂಗಿಲ್ಲ ಬಿಡ್ರಿ.’ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರಿಗೆ ಹಾಗೆ ಅನಿಸಿದ್ದು ಸಹಜ. ಆದರೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ವಿಜಯಪುರ ನಗರದಲ್ಲೇ ಸೋಂಕು ಪತ್ತೆಯಾಯಿತು, ಓಣಿಗಳ ಬಾಯಿಗೆ ಬ್ಯಾರಿಕೇಡ್ ಬಂದವು.

ಹಾಗಾದರೆ ಹವಾಮಾನಕ್ಕೂ ಸಾಂಕ್ರಾಮಿಕಕ್ಕೂ ನಂಟೇ ಇಲ್ಲವೇ? ಇದೆ. ಬಿಸಿಲು, ಮಳೆ, ಚಳಿ ವೈರಾಣುವಿನ ಮೇಲೆ ಮಾಡುವ ಕೆಲಸ ಸ್ವಲ್ಪ. ನಮ್ಮ ಮೇಲೆ ಮಾಡುವ ಕೆಲಸ ಬಹಳ. ನಾವು ಎಲ್ಲಿ ಕೂಡುತ್ತೇವೆ, ಎಷ್ಟು ಹೊತ್ತು ಕೂಡುತ್ತೇವೆ, ಅಲ್ಲಿ ಗಾಳಿ ಆಡುತ್ತದೋ ಇಲ್ಲವೋ, ಇವನ್ನೆಲ್ಲ ಋತು ತೀರ್ಮಾನಿಸುತ್ತದೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತ.

ಕರ್ನಾಟಕದ ಮೂರು ಅಲೆಗಳನ್ನು ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಟು ನೋಡಿ. ಮೊದಲನೆಯದು ತುದಿ ಮುಟ್ಟಿದ್ದು 2020ರ ಅಕ್ಟೋಬರ್ ಮೊದಲ ಭಾಗದಲ್ಲಿ, ನಮ್ಮಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆಯುವ ಕಾಲಕ್ಕೆ. ಆಗ ರಾಜ್ಯದಲ್ಲಿ ದಿನಕ್ಕೆ 10 ಸಾವಿರಕ್ಕೂ ಹೆಚ್ಚು ಪ್ರಕರಣ. ಎರಡನೆಯ ಅಲೆಯಲ್ಲಿ, 2021ರ ಮೇ 5ರಂದು, ಆ ಸಂಖ್ಯೆ 50 ಸಾವಿರ ದಾಟಿತು. ಅದು ಉರಿಬೇಸಿಗೆ. ಮೂರನೆಯ ಅಲೆ ಮತ್ತೆ 50 ಸಾವಿರದ ಗಡಿ ಮುಟ್ಟಿದ್ದು 2022ರ ಜನವರಿ ಕೊನೆಯ ವಾರದ ಸುಮಾರಿಗೆ, ಸಂಕ್ರಾಂತಿ ಕಳೆದ ಚಳಿಯಲ್ಲಿ. ಮಳೆಗಾಲದ ಕೊನೆ, ಬಿರುಬಿಸಿಲು, ಚಳಿ: ಮೂರು ಅಲೆಗೆ ಮೂರು ಋತು. ರೋಗ ಹೊಸದು, ಅದನ್ನು ಎದುರಿಸಿ ಗೊತ್ತಿಲ್ಲದ ಮೈಗಳು ಕೋಟಿಗಟ್ಟಲೆ. ಹಾಗಿರುವಾಗ ಅದು ಋತುವಿಗಾಗಿ ಕಾಯುವುದಿಲ್ಲ. ಎರಡನೇ ಅಲೆಗೆ ಡೆಲ್ಟಾ, ಮೂರನೆಯದಕ್ಕೆ ಓಮೈಕ್ರಾನ್ ಎಂಬ ಹೊಸ ರೂಪಗಳೂ ಜೊತೆಯಾದವು.

ಹಾಗೆಂದು ‘ಬಿಸಿಲಿಗೆ ಉಳಿಯಂಗಿಲ್ಲ’ ಎಂದವರ ಮಾತು ಪೂರ್ತಿ ಸುಳ್ಳೂ ಅಲ್ಲ. ನೇರ ಬಿಸಿಲು ಬಿದ್ದ ವಸ್ತುವಿನ ಮೇಲೆ ಈ ವೈರಾಣು ಬೇಗ ಶಕ್ತಿ ಕಳೆದುಕೊಳ್ಳುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಬಹುಪಾಲು ನೆರಳಿನಲ್ಲಿ, ಚಾವಣಿಯ ಕೆಳಗೆ, ಉಸಿರಿನ ಮೂಲಕ. ಹೊರಗೆ 42 ಡಿಗ್ರಿ ಇರಲಿ, 12 ಡಿಗ್ರಿ ಇರಲಿ, ಮನುಷ್ಯನ ಮೈಯೊಳಗೆ ಸುಮಾರು 37 ಡಿಗ್ರಿಯೇ.

ಮಾತಾಡುವಾಗ, ಕೆಮ್ಮುವಾಗ, ಹಾಡುವಾಗ ಬಾಯಿಂದ ಹೊರಡುವ ಕಣಗಳಲ್ಲಿ ದೊಡ್ಡವು ನೆಲಕ್ಕೆ ಬೀಳುತ್ತವೆ, ಸಣ್ಣವು ಗಾಳಿಯಲ್ಲೇ ತೇಲುತ್ತವೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಅದರ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಅದನ್ನೇ ಅಂಗಳದಲ್ಲಿ ಹುರಿದರೆ ಪಕ್ಕದಲ್ಲಿ ಕೂತವರಿಗೂ ಅಷ್ಟು ತಟ್ಟುವುದಿಲ್ಲ. ಉಸಿರಿನ ಸೋಂಕೂ ಹಾಗೆಯೇ. ಅಮೆರಿಕದ ಸ್ಕಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು 61 ಜನ ಒಂದು ಸಭಾಂಗಣದಲ್ಲಿ ಎರಡೂವರೆ ತಾಸು ಕೂಡಿ ಹಾಡಿನ ತಾಲೀಮು ನಡೆಸಿದರು. ಅವರಲ್ಲಿ 53 ಮಂದಿಗೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ರಾತ್ರಿಯಿಡೀ ಭಜನೆ ನಡೆಯುವ ನಮ್ಮ ಊರುಗಳಿಗೆ ಇದು ಬಹಳ ಮುಖ್ಯ. ಗುಡಿಯ ಕಟ್ಟೆಯ ಮೇಲೆ ಬಯಲಲ್ಲಿ ಕೂತು ಹಾಡುವುದಕ್ಕೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಾಡುವುದಕ್ಕೂ ಇರುವ ಅಂತರ ಅಷ್ಟು ದೊಡ್ಡದು.

ಈಗ ನಮ್ಮ ಬೇಸಿಗೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್‌–ಮೇದಲ್ಲಿ ಬೆಳಗಿನ ಹತ್ತರ ನಂತರ ವಿಜಯಪುರದ ರಸ್ತೆಗಳು ಬಿಕೋ ಎನ್ನುತ್ತವೆ. ಝಳ ಒಳಗೆ ಬರಬಾರದೆಂದು ಕಿಟಕಿ ಮುಚ್ಚಿ, ಪರದೆ ಎಳೆದು ಎಲ್ಲರೂ ಒಂದೇ ಕೋಣೆ ಸೇರುತ್ತಾರೆ. ಅಂದರೆ ಚಳಿದೇಶದ ಜನ ಡಿಸೆಂಬರ್‌ನಲ್ಲಿ ಮಾಡುವುದನ್ನು ನಾವು ಮೇದಲ್ಲಿ ಮಾಡುತ್ತೇವೆ. ಆ ಧಗೆಯಲ್ಲಿ ಮಾಸ್ಕ್ ಮೂಗಿನಿಂದ ಗದ್ದಕ್ಕೆ ಇಳಿಯುವುದೂ ಹವಾಮಾನದ ಪ್ರಭಾವವೇ. ಮೇಲಾಗಿ ಅದು ಮದುವೆಗಳ ಕಾಲ. 2021ರಲ್ಲಿ ಯುಗಾದಿ ಬಂದದ್ದು ಏಪ್ರಿಲ್ 13ಕ್ಕೆ. ಅದೇ 17ಕ್ಕೆ ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಉಪಚುನಾವಣೆ. ಜನ ಸೇರಿದ ಇವೆಲ್ಲ ಮುಗಿದ ಮೇಲೆ, ಏಪ್ರಿಲ್ 27ರ ರಾತ್ರಿಯಿಂದ, ಕರ್ಫ್ಯೂ.

ಕೋಣೆ ತಂಪಾಗಿಸುವ ರೀತಿಯಲ್ಲೂ ವ್ಯತ್ಯಾಸವಿದೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕೆಂದು ವಿನಂತಿ. ಎ.ಸಿ. ಬಹುಪಾಲು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸಿ ತಂಪು ಮಾಡುತ್ತದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ, 2020ರ ಜನವರಿಯಲ್ಲಿ, ಕಿಟಕಿ ಇಲ್ಲದ ಹೋಟೆಲೊಂದರ ಸಾಲಾಗಿದ್ದ ಮೂರು ಮೇಜುಗಳಲ್ಲಿ ಊಟಕ್ಕೆ ಕೂತಿದ್ದ ಮೂರು ಕುಟುಂಬಗಳ 10 ಮಂದಿಗೆ ಸೋಂಕು ತಗುಲಿತ್ತು, ಎ.ಸಿ. ಗಾಳಿ ಆ ಮೂರೂ ಮೇಜುಗಳ ಮೇಲೆ ಸುತ್ತುತ್ತಿತ್ತು. ನಮ್ಮ ಮನೆಗಳ ನೀರಿನ ಕೂಲರ್ ಹಾಗಲ್ಲ. ಅದನ್ನು ಕಿಟಕಿಯ ಹೊರಗೆ ಕೂರಿಸಿ ಎದುರಿನ ಬಾಗಿಲು ತೆರೆದಿಟ್ಟರೆ ಹೊರಗಿನ ಗಾಳಿ ಒಳಗೆ ಬಂದು, ಒಳಗಿನದು ಆಚೆ ಹೋಗುತ್ತದೆ. ಅದೇ ಕೂಲರನ್ನು ಕೋಣೆಯ ನಡುವೆ ಇಟ್ಟು ಎಲ್ಲ ಮುಚ್ಚಿದರೆ ಆ ಲಾಭ ಹೋಯಿತು. ಹಿಂದೆ ಮಣ್ಣಿನ ಮಾಳಿಗೆ ಮನೆಗಳಿಗೆ ಬೆಳಕಿಂಡಿ ಇರುತ್ತಿತ್ತು, ಬೇಸಿಗೆ ರಾತ್ರಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಉಸಿರಿನ ರೋಗಗಳ ಲೆಕ್ಕದಲ್ಲಿ ಅದು ಉತ್ತಮ ರೂಢಿ. ಅದು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಚಳಿಗಾಲದಲ್ಲಿ ನಮ್ಮ ಹವೆ ಒಣ. ಒಣ ಗಾಳಿಯಲ್ಲಿ ಫ್ಲೂ ವೈರಾಣು ಹೆಚ್ಚು ಹೊತ್ತು ಉಳಿಯುತ್ತದೆ, ಮೂಗಿನ ಒಳಪದರವೂ ಒಣಗಿ ಕಸುವು ಕಳೆದುಕೊಳ್ಳುತ್ತದೆ. ಆದರೂ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಯಲಲ್ಲಿ ಸಾಲಾಗಿ ಕೂತು ಉಣ್ಣುವುದರಲ್ಲಿ ಅಪಾಯ ಕಡಿಮೆ. ಆ ಹೊಲಕ್ಕೆ ಕ್ರೂಸರ್‌ನಲ್ಲಿ ಗಾಜು ಏರಿಸಿ ಒತ್ತಿಕೊಂಡು ಕೂತು ಹೋಗುವುದರಲ್ಲೇ ಅಪಾಯ ಹೆಚ್ಚು.

ಮಳೆಗಾಲವೂ ಸುರಕ್ಷಿತ ಎನ್ನುವಂತಿಲ್ಲ. 2009ರ ಎಚ್1ಎನ್1 ಫ್ಲೂಗೆ ದೇಶದ ಮೊದಲ ಬಲಿ ಆದದ್ದು ಪುಣೆಯಲ್ಲಿ, ಆಗಸ್ಟ್ 3ರಂದು. ಜಿಟಿಜಿಟಿ ಮಳೆ, ಶಾಲೆ ತೆರೆದ ಕಾಲ, ಮುಚ್ಚಿದ ತರಗತಿಗಳು. ಅದೇ ಕಾಯಿಲೆ 2015ರಲ್ಲಿ ಮತ್ತೆ ಜೋರಾದದ್ದು ವರ್ಷದ ಮೊದಲ ಮೂರು ತಿಂಗಳಲ್ಲಿ. ಕಾಶ್ಮೀರದಲ್ಲಿ ಫ್ಲೂ ಚಳಿಗಾಲದ ರೋಗ. ದೇಶದ ಬಹುಭಾಗದಲ್ಲಿ ಅದು ಮಳೆಗಾಲದಲ್ಲಿ ಹೆಚ್ಚು.

ಇನ್ನೂ ಹಿಂದಕ್ಕೆ ಹೋದರೆ 1918. ಆಗ ನಮ್ಮದು ಮುಂಬೈ ಪ್ರಾಂತ್ಯಕ್ಕೆ ಸೇರಿದ ಬಿಜಾಪುರ ಜಿಲ್ಲೆ. ಆ ವರ್ಷ ದೇಶದಲ್ಲೇ ಮುಂಗಾರು ತೀವ್ರವಾಗಿ ಕೈಕೊಟ್ಟಿತ್ತು. ದಖನ್ನಿನ ಊರೂರಲ್ಲಿ ಮೇವಿಲ್ಲ, ಕಾಳಿಲ್ಲ, ಧಾನ್ಯದ ಬೆಲೆ ಕೈಗೆಟುಕುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್‌ಫ್ಲುಯೆಂಝಾದ ಎರಡನೇ ಅಲೆ ಮುಂಬೈಯಿಂದ ಒಳನಾಡಿಗೆ ಹಬ್ಬಿತು. ಹಸಿದ ಮೈ, ಕೆಲಸಕ್ಕಾಗಿ ಊರೂರು ಅಲೆದಾಟ, ಆರೈಕೆ ಮಾಡಬೇಕಾದವರೂ ಹಾಸಿಗೆ ಹಿಡಿದ ಮನೆಗಳು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆ ಕಂಡಿತು. ಅಲ್ಲಿ ಹವಾಮಾನ ಮನುಷ್ಯನ ಹೊಟ್ಟೆ ಮತ್ತು ಕಾಲಿನ ಮೂಲಕ ಕೊಂದಿತು.

ಕಾಲಿನ ಮಾತು ನಮ್ಮ ಭಾಗಕ್ಕೆ ಬಹಳ ಹತ್ತಿರದ್ದು. ಮಳೆ ನೆಚ್ಚುವಂತಿಲ್ಲದ ಜಿಲ್ಲೆ ಇದು. ತಾಂಡಾಗಳಿಂದ, ಹಳ್ಳಿಗಳಿಂದ ಜನ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುತ್ತಾರೆ. 2020ರ ಮೇದಲ್ಲಿ ಅವರು ಮರಳಿದಾಗ ಸೋಂಕೂ ಜೊತೆಗೆ ಬಂತು. ಅದು ಅವರ ತಪ್ಪಾಗಿರಲಿಲ್ಲ. ದುಡಿಮೆ ನಿಂತ ಮೇಲೆ ಊರಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕಿತ್ತು? ತಿಕೋಟಾ ತಾಲ್ಲೂಕಿನ ಅಂಚಿಗೇ ಸಾಂಗ್ಲಿ ಜಿಲ್ಲೆಯ ಜತ್ತ. ಎರಡೂ ಕಡೆ ಕನ್ನಡ ಮಾತು, ಎರಡೂ ಕಡೆ ಬೀಗರು. ಇಲ್ಲಿಯ ದ್ರಾಕ್ಷಿ ಫೆಬ್ರುವರಿ–ಮಾರ್ಚ್‌ನ ಒಣ ಬಿಸಿಲು ನೋಡಿಕೊಂಡು ಶೆಡ್‌ಗೆ ಏರುತ್ತದೆ, ಒಣದ್ರಾಕ್ಷಿಯಾಗಿ ತಾಸಗಾಂವ, ಸಾಂಗ್ಲಿ ಪೇಟೆಗೆ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಎರಡನೇ ಅಲೆ ಎದ್ದದ್ದೂ 2021ರ ಫೆಬ್ರುವರಿಯಲ್ಲೇ. ಬದಿ ತೆರೆದ ದ್ರಾಕ್ಷಿ ಶೆಡ್‌ನಲ್ಲಿ ಗಾಳಿಗೆ ಕೊರತೆಯಿಲ್ಲ. ಆದರೆ ಓಡಾಟದ ಕಾಲ ಯಾವುದು ಎಂದು ಬೆಳೆ ಹೇಳುತ್ತದೆ, ಬೆಳೆಗೆ ಹವಾಮಾನ ಹೇಳುತ್ತದೆ. ಆಗ ಗಡಿಯಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆಯ ವರದಿ ಕೇಳುತ್ತಿದ್ದರೂ ಹೊಲದ ದಾರಿಗಳಿಗೆ ಗೇಟು ಹಾಕಲಾಗಲಿಲ್ಲ.

ಜನ ಸೇರಿದಾಗಲೆಲ್ಲ ಅಲೆ ಏಳಲೇಬೇಕೆಂದಿಲ್ಲ. 2020ರ ಡಿಸೆಂಬರ್‌ನಲ್ಲಿ ರಾಜ್ಯದ ತುಂಬ ಗ್ರಾಮ ಪಂಚಾಯಿತಿ ಚುನಾವಣೆ ನಡೆದವು. ಕೂಡಲೇ ದೊಡ್ಡ ಏರಿಕೆ ಬರಲಿಲ್ಲ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದಾಗ, ಮರುದಿನ ಸೈನಿಕ ಶಾಲೆಯ ಆವರಣದಲ್ಲಿ ಲಕ್ಷಾಂತರ ಜನ ದರ್ಶನ ಪಡೆದರು. ತಿಕೋಟಾದ ಬಿಜ್ಜರಗಿಯಲ್ಲಿ ಹುಟ್ಟಿದ ಆ ಮಹನೀಯರಿಗೆ ವಿದಾಯ ಹೇಳಲು ಬಂದವರನ್ನು ಚಳಿ ತಡೆಯಲಿಲ್ಲ. ಚೀನಾದಲ್ಲಿ ಸೋಂಕು ಏರುತ್ತಿದ್ದ ದಿನಗಳವು, ನಮ್ಮಲ್ಲೂ ಆತಂಕವಿತ್ತು. ಆದರೆ ರಾಜ್ಯದಲ್ಲಿ ಅಲೆ ಏಳಲಿಲ್ಲ. ಬಯಲು ಜಾಗವಾಗಿತ್ತು ಎನ್ನುವುದು ಒಂದು. ಅದಕ್ಕಿಂತ ಮುಖ್ಯವಾಗಿ, ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ಬಹುಪಾಲು ಜನರ ಮೈಗೆ ಆ ರೋಗ ಎದುರಿಸುವ ಶಕ್ತಿ ಬಂದಿತ್ತು.

ಇನ್ನೊಂದು ಸಂಗತಿ ನಮ್ಮನ್ನು ಪದೇ ಪದೇ ದಾರಿ ತಪ್ಪಿಸುತ್ತದೆ. ಇವತ್ತು ತಗುಲಿದ ಸೋಂಕು ಮೈಯಲ್ಲಿ ಕಾಣಲು ಕೆಲವು ದಿನ ಬೇಕು, ಪರೀಕ್ಷೆಯಾಗಿ ಲೆಕ್ಕಕ್ಕೆ ಬರಲು ಇನ್ನೂ ಕೆಲವು ದಿನ. ಆಸ್ಪತ್ರೆಯ ಹಾಸಿಗೆ ತುಂಬುವುದು ಅದಕ್ಕೂ ನಂತರ. ಹೀಗಾಗಿ ಸಂಖ್ಯೆ ಏರಿದ ದಿನ ಮೋಡ ಕವಿದಿದ್ದರೆ ‘ಮೋಡದ ಹವಾಕ್ಕ ಬಂತು’ ಎನ್ನುತ್ತೇವೆ. ಕಾರಣ ನೋಡಬೇಕಾದದ್ದು ಎರಡು ವಾರದ ಹಿಂದಿನ ಮದುವೆ, ಪ್ರಯಾಣ, ಸಭೆಗಳಲ್ಲಿ.

ಕೇಳುಗರೇ, ಮುಂದೆ ಇಂಥ ಕಾಯಿಲೆಯ ಸುದ್ದಿ ಸೊಲ್ಲಾಪುರದಿಂದಲೋ ಸಾಂಗ್ಲಿಯಿಂದಲೋ ಬಂದಾಗ ಹೊರಗಿನ ಉಷ್ಣತೆ ನೋಡುತ್ತ ಕೂರಬೇಡಿ. ಅಂದೇ ಮನೆಯ ಎದುರುಬದುರು ಕಿಟಕಿ ತೆರೆಯಿರಿ, ಕೂಲರ್ ಕಿಟಕಿಯಾಚೆ ಇಡಿ. ಮದುವೆಯ ಪಂಕ್ತಿ ಮಂಗಲ ಕಾರ್ಯಾಲಯದ ಒಳಗೆ ಬೇಡ, ಪೆಂಡಾಲಿನ ಕೆಳಗೆ ಸಂಜೆ ಹಾಕಿಸಿ. ಜ್ವರ, ಕೆಮ್ಮು ಇದ್ದವರು ಬೀಗರು ಬೇಸರಪಟ್ಟುಕೊಂಡರೂ ಮನೆಯಲ್ಲೇ ಉಳಿಯಿರಿ. ವಯಸ್ಸಾದವರಿಗೆ ಲಸಿಕೆ ಹಾಕಿಸುವುದನ್ನು ನಾಳೆಗೆ ಇಡಬೇಡಿ.