ಸೆರೆಶಿಬಿರದ ನಾಲ್ವರು ವಾದ್ಯಗಾರರು

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಗಾನವೃಂದಗಳ ದಿನದಂದು ಮಾಡಿದ ಭಾಷಣದ ಬರಹರೂಪ)



ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿತೆಂದರೆ ಆ ನೂರು ವರ್ಷಗಳ ಪ್ರತಿ ಭಾನುವಾರವೂ ಅಲ್ಲಿ ಯಾರೋ ಹಾಡಿದ್ದಾರೆ, ಯಾರೋ ಹಾರ್ಮೋನಿಯಂ ನುಡಿಸಿದ್ದಾರೆಂದೇ ಅರ್ಥ. ಕಟ್ಟಡಕ್ಕೆ ದಾನವಿತ್ತವರ ಹೆಸರನ್ನು ಗೋಡೆಯ ಕಲ್ಲಿನ ಮೇಲೆ ಓದಬಹುದು. ಹಾಡಿದವರ ಹೆಸರು ಕಲ್ಲಿನ ಮೇಲೆ ಇರುವುದು ಅಪರೂಪ. ಅಂಥವರ ನೆನಪಿಗಾಗಿ ಈ ದಿನವನ್ನು ಮೀಸಲಿಟ್ಟ ಉತ್ಸವ ಸಮಿತಿಯವರು 'ಕಷ್ಟಕಾಲದಲ್ಲಿ ಕಲಾವಿದರು' ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು. ಅದನ್ನು ಹಾಗೆಯೇ ಎತ್ತಿಕೊಂಡರೆ ಮಾತು ಉಪದೇಶವಾಗಿಬಿಡುತ್ತದೆ. ಉಪದೇಶಕ್ಕೆ ಬೇರೆ ಪೀಠವಿದೆ, ಅದು ಗುರುಗಳದು. ಆದುದರಿಂದ ನಡೆದ ಒಂದೇ ಸಂಗತಿಯನ್ನು, ಸಾಧ್ಯವಾದಷ್ಟು ವಿವರವಾಗಿ, ತಮ್ಮ ಮುಂದಿಡಲು ಬಯಸುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಫ್ರಾನ್ಸ್ ದೇಶದ ಒಲಿವಿಯೆ ಮೆಸಿಯಾನ್ ಎಂಬ ತರುಣ ಸಂಗೀತಕಾರ 1908ರಲ್ಲಿ ಅವಿನ್ಯೋನ್ ನಗರದಲ್ಲಿ ಹುಟ್ಟಿದವರು. ತಾಯಿ ಕವಯಿತ್ರಿ, ತಂದೆ ಶೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚ್ ಭಾಷೆಗೆ ತಂದವರು. 1931ರಲ್ಲಿ, ಇನ್ನೂ ಇಪ್ಪತ್ತೆರಡು ವರ್ಷದವರಾಗಿದ್ದಾಗಲೇ, ಮೆಸಿಯಾನ್ ಪ್ಯಾರಿಸಿನ ಪವಿತ್ರ ತ್ರಿತ್ವದ ದೇವಾಲಯದಲ್ಲಿ ಆರ್ಗನ್ ವಾದಕರಾದರು. 1992ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಅರುವತ್ತು ವರ್ಷಕ್ಕೂ ಮಿಕ್ಕಿ, ಅದೇ ದೇವಾಲಯದಲ್ಲಿ ಬಲಿಪೂಜೆಗೆ ನುಡಿಸಿದರು. ಜಗತ್ಪ್ರಸಿದ್ಧರಾದ ಮೇಲೂ ಆ ಬೆಂಚನ್ನು ಬಿಡಲಿಲ್ಲ. ನಮ್ಮ ಗಾನವೃಂದಗಳಲ್ಲಿ ಎರಡು ವರ್ಷಕ್ಕೇ ಬೇಸರಪಡುವವರಿಗೆ ಈ ಅಂಕಿಯನ್ನು ಹೇಳಬೇಕೆನಿಸಿತು, ಅಷ್ಟೆ.

1939ರಲ್ಲಿ ಯುದ್ಧ ಆರಂಭವಾದಾಗ ಅವರನ್ನು ಸೈನ್ಯಕ್ಕೆ ಕರೆದರು. ಕಣ್ಣು ಮಂದವಾಗಿದ್ದುದರಿಂದ ಬಂದೂಕು ಹಿಡಿಯುವ ಕೆಲಸಕ್ಕೆ ಹಾಕದೆ ಗಾಯಾಳುಗಳ ಶುಶ್ರೂಷೆಯ ವಿಭಾಗಕ್ಕೆ ಸೇರಿಸಿದರು. ವರ್ಡನ್ ಎಂಬಲ್ಲಿ ಅವರಿಗೆ ಇಬ್ಬರು ವಾದ್ಯಗಾರರ ಪರಿಚಯವಾಯಿತು. ಎತಿಯೆನ್ ಪಾಸ್ಕಿಯೆ ಎಂಬಾತ ಚೆಲ್ಲೋ ವಾದಕ; ಅಣ್ಣತಮ್ಮಂದಿರು ಮೂವರೂ ಕೂಡಿ ನುಡಿಸುತ್ತಿದ್ದ ಹೆಸರಾಂತ ಮೇಳದವನು. ಮತ್ತೊಬ್ಬ ಆನ್ರಿ ಅಕೋಕಾ, ಕ್ಲಾರಿನೆಟ್ ವಾದಕ, ಅಲ್ಜೀರಿಯಾದಲ್ಲಿ ಹುಟ್ಟಿದ ಯೆಹೂದ್ಯ, ರೇಡಿಯೋದ ರಾಷ್ಟ್ರೀಯ ವಾದ್ಯವೃಂದದಲ್ಲಿದ್ದವನು. ಮೆಸಿಯಾನರಿಗೆ ಹಕ್ಕಿಗಳ ಹಾಡೆಂದರೆ ಪ್ರಾಣ. ರಾತ್ರಿಯ ಪಹರೆಯಲ್ಲಿ ಬೆಳಗಿನ ಜಾವದ ಪಾಳಿಯನ್ನೇ ಕೇಳಿ ಪಡೆಯುತ್ತಿದ್ದರು, ಪಾಸ್ಕಿಯೆಯೂ ಜೊತೆಗಿರುತ್ತಿದ್ದನು. ಮೂಡಣದಲ್ಲಿ ಬೆಳಕು ಬಿರಿಯುವಾಗ ಮೊದಲು ಒಂದೇ ಹಕ್ಕಿ ದನಿಗೂಡಿಸುವುದು, ಆಮೇಲೆ ಮತ್ತೊಂದು, ಕೊನೆಗೆ ಕಾಡೆಲ್ಲ ಒಂದು ಮೇಳವಾಗುವುದು. ಯುದ್ಧಭೂಮಿಯಲ್ಲಿ ಕಾವಲು ನಿಂತ ಇಬ್ಬರು ಸಂಗೀತಗಾರರು ಇದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಅಕೋಕಾನಿಗಾಗಿ ಮೆಸಿಯಾನ್ ಒಂಟಿ ಕ್ಲಾರಿನೆಟ್ಟಿನ ಒಂದು ಕೃತಿಯನ್ನು ಬರೆಯಲು ತೊಡಗಿದುದು ಈ ದಿನಗಳ ಫಲ.

1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತಿತು. ಮೂವರೂ ಸೆರೆಸಿಕ್ಕಿದರು. ನಾನ್ಸಿ ಪಟ್ಟಣದ ಬಳಿ ಬಯಲಿನಲ್ಲಿ ಸಾವಿರಾರು ಸೆರೆಯಾಳುಗಳನ್ನು ಕೂಡಿಹಾಕಿದ್ದರು. ಹಸಿವು, ಬಾಯಾರಿಕೆ, ಮುಂದೇನೆಂಬ ಭಯ. ಅಕೋಕಾ ತನ್ನ ಕ್ಲಾರಿನೆಟ್ಟನ್ನು ಹೇಗೋ ಉಳಿಸಿಕೊಂಡಿದ್ದನು. ಮೆಸಿಯಾನ್ ಬರೆದ ಹಾಳೆಗಳನ್ನು ಪಾಸ್ಕಿಯೆ ಎರಡು ಕೈಗಳಲ್ಲಿ ಎತ್ತಿ ಹಿಡಿದು ನಿಂತನು. ಸ್ವರಲಿಪಿಯ ಪೀಠವೇ ಅವನಾದನು. ಬಟ್ಟಬಯಲಿನಲ್ಲಿ ಅಕೋಕಾ ಆ ಕೃತಿಯನ್ನು ಮೊತ್ತಮೊದಲ ಬಾರಿಗೆ ನುಡಿಸಿದನು. ಇದು ತನ್ನಿಂದಾಗದ ಕೆಲಸವೆಂದು ಅವನು ಗೊಣಗಿದನಂತೆ. ಆದೀತು, ನೋಡುತ್ತಿರು ಎಂದು ಮೆಸಿಯಾನ್ ಸಮಾಧಾನ ಹೇಳಿದರಂತೆ. ಸೆರೆಸಿಕ್ಕ ದೇಶದ ಸೆರೆಸಿಕ್ಕ ಸೈನಿಕರು ಸ್ವರದ ಕಷ್ಟದ ಬಗ್ಗೆ ವಾದಿಸುತ್ತಿದ್ದರೆಂಬುದನ್ನು ಓದಿದಾಗ ನನಗೆ ನಗು ಬಂತು, ಕಣ್ಣೂ ತುಂಬಿತು.

ಅಲ್ಲಿಂದ ಅವರನ್ನು ಸಿಲೇಸಿಯಾ ಪ್ರಾಂತದ ಗೊರ್ಲಿಟ್ಸ್ ಪಟ್ಟಣದ ಹೊರಗಿದ್ದ ಸ್ಟಾಲಾಗ್ ಎಂಟು-ಎ ಎಂಬ ಶಿಬಿರಕ್ಕೆ ಸಾಗಿಸಿದರು. 1945ರ ನಂತರ ಗಡಿ ಬದಲಾಗಿ ಆ ಸ್ಥಳ ಪೋಲೆಂಡಿನ ಜ್ಗೊಜೆಲೆಟ್ಸ್ ಪಟ್ಟಣಕ್ಕೆ ಸೇರಿದೆ. ನಡುವೆ ನೈಸೆ ನದಿ ಹರಿಯುತ್ತದೆ. ಅಲ್ಲಿ ನಾಲ್ಕನೆಯವನು ದೊರೆತನು: ಜಾನ್ ಲ ಬುಲೇರ್, ಪಿಟೀಲು ವಾದಕ. ಪಿಟೀಲಿತ್ತು, ಕ್ಲಾರಿನೆಟ್ ಇತ್ತು, ಚೆಲ್ಲೋ ಇರಲಿಲ್ಲ. ಆಗ ಶಿಬಿರದ ಸೆರೆಯಾಳುಗಳೇ ತಮ್ಮತಮ್ಮಲ್ಲಿ ವಂತಿಗೆ ಎತ್ತಿದರು. ಅರುವತ್ತೈದು ಮಾರ್ಕು ಕೂಡಿತು. ಇಬ್ಬರು ಸೈನಿಕರ ಕಾವಲಿನಲ್ಲಿ ಪಾಸ್ಕಿಯೆಯನ್ನು ಊರೊಳಗಿನ ಅಂಗಡಿಗೆ ಕರೆದೊಯ್ದರು. ಅವನು ಒಂದು ಚೆಲ್ಲೋ ಮತ್ತು ಕಮಾನು ಕೊಂಡು ತಂದನು. ಮರಳಿ ಬಂದವನನ್ನು ನುಡಿಸದ ಹೊರತು ಯಾರೂ ಬಿಡಲೊಲ್ಲರು.

ಈ ಕಥೆಯನ್ನು ಹೇಳುವವರೆಲ್ಲ ಮೆಸಿಯಾನರ ಪ್ರತಿಭೆಯನ್ನು ಕೊಂಡಾಡುತ್ತಾರೆ. ಕೊಂಡಾಡಲಿ. ನನ್ನ ಮನಸ್ಸು ಮಾತ್ರ ಆ ಅರುವತ್ತೈದು ಮಾರ್ಕಿನ ಬಳಿಯೇ ನಿಲ್ಲುತ್ತದೆ. ಸೆರೆಯಲ್ಲಿ ಹಣವೆಂದರೆ ಒಂದು ತುಂಡು ರೊಟ್ಟಿ, ಒಂದಿಷ್ಟು ಹೊಗೆಸೊಪ್ಪು. ಅದನ್ನು ಬಿಟ್ಟುಕೊಟ್ಟವರು ಸಂಗೀತಗಾರರಲ್ಲ, ಬಹುಪಾಲು ಸಾಮಾನ್ಯ ಸೈನಿಕರು. ಅವರ ಹೆಸರುಗಳೂ ಯಾವ ಕಲ್ಲಿನ ಮೇಲೂ ಇಲ್ಲ.

ಪಿಯಾನೋ ಇನ್ನೂ ಒದಗದಿದ್ದ ದಿನಗಳಲ್ಲಿ ಮೆಸಿಯಾನ್ ಉಳಿದ ಮೂವರಿಗಾಗಿ ಒಂದು ಪುಟ್ಟ, ಲವಲವಿಕೆಯ ರಚನೆಯನ್ನು ಮಾಡಿಕೊಟ್ಟರು. ಸೈನಿಕರು ಮೈಕೈ ತೊಳೆಯುವ ಕೋಣೆಯೇ ಅವರ ಅಭ್ಯಾಸದ ಮಂದಿರವಾಯಿತು. ಅದರ ಸುತ್ತ ಇತರ ಭಾಗಗಳು ಒಂದೊಂದಾಗಿ ಬೆಳೆದವು. ಯುದ್ಧಕ್ಕೆ ಮುನ್ನವೇ ರಚಿಸಿದ್ದ ಎರಡು ಕೃತಿಗಳೂ ಹೊಸ ರೂಪ ತಾಳಿ ಬಂದು ಸೇರಿದವು. ಹಾಗೆ ಎಂಟು ಭಾಗಗಳ 'ಕಾಲಾಂತ್ಯಕ್ಕಾಗಿ ಚತುರ್ವಾದ್ಯ' ಎಂಬ ಕೃತಿ ಸಿದ್ಧವಾಯಿತು.

ಇಲ್ಲಿ ಒಬ್ಬ ಶತ್ರುವಿನ ಹೆಸರು ಹೇಳಬೇಕು. ಕಾರ್ಲ್ ಆಲ್ಬರ್ಟ್ ಬ್ರೂಲ್ ಎಂಬ ಜರ್ಮನ್ ಅಧಿಕಾರಿ ವೃತ್ತಿಯಿಂದ ವಕೀಲ, ಫ್ರೆಂಚ್ ಬಲ್ಲವನು, ನಾಟ್ಸಿಗಳನ್ನು ಒಪ್ಪದವನು. ಸ್ವರಲಿಪಿ ಬರೆಯುವ ಕಾಗದ, ಪೆನ್ಸಿಲು ಮತ್ತು ರಬ್ಬರನ್ನು ಒದಗಿಸಿದವನು ಆತ, ರೊಟ್ಟಿಯನ್ನೂ ತಂದುಕೊಟ್ಟನು. ಬರೆಯುವಾಗ ಯಾರೂ ಅಡ್ಡಿಮಾಡದಂತೆ ಮೆಸಿಯಾನರಿಗೆ ಏಕಾಂತವೂ ದೊರೆಯಿತು. ಶಿಬಿರದ ಯೆಹೂದ್ಯ ಸೆರೆಯಾಳುಗಳಿಗೆ, ಓಡಿಹೋಗಬೇಡಿ, ಈಗಿನ ಫ್ರಾನ್ಸಿಗಿಂತ ಇಲ್ಲಿಯೇ ನಿಮಗೆ ಕ್ಷೇಮ ಎಂದು ಗುಟ್ಟಾಗಿ ಎಚ್ಚರಿಸುತ್ತಿದ್ದವನೂ ಇವನೇ. ಆ ಮಾತು ವಿಚಿತ್ರವೆನಿಸಬಹುದು. ಆದರೆ 1940ರ ಅಕ್ಟೋಬರಿನಲ್ಲೇ ಫ್ರಾನ್ಸಿನ ವಿಶೀ ಸರ್ಕಾರ ಯೆಹೂದ್ಯರ ಮೇಲೆ ಕಾನೂನು ಹೊರಡಿಸಿತ್ತು.

ಕೃತಿಯ ತಿರುಳು ಪವಿತ್ರ ಗ್ರಂಥದ ಪ್ರಕಟನೆಯ ಹತ್ತನೆಯ ಅಧ್ಯಾಯದ್ದು. ಮುಗಿಲನ್ನು ಹೊದ್ದು, ತಲೆಯ ಮೇಲೆ ಮಳೆಬಿಲ್ಲು ಧರಿಸಿ, ಒಂದು ಕಾಲನ್ನು ಸಮುದ್ರದ ಮೇಲೂ ಮತ್ತೊಂದನ್ನು ನೆಲದ ಮೇಲೂ ಊರಿದ ದೇವದೂತನು ಬಲಗೈಯೆತ್ತಿ, ಕಾಲವು ಇನ್ನಿಲ್ಲವೆಂದು ಸಾರುತ್ತಾನೆ. ಇಂದಿನ ಭಾಷಾಂತರಗಳಲ್ಲಿ ಸಾಮಾನ್ಯವಾಗಿ 'ಇನ್ನು ತಡವಿಲ್ಲ' ಎಂಬ ಅರ್ಥ ಬರುತ್ತದೆ; ಮೆಸಿಯಾನ್ ಹಿಡಿದುದು ಹಳೆಯ ಅರ್ಥವನ್ನು. ಸೆರೆವಾಸದ ಕಾಲ ಮುಗಿಯಲಿ ಎಂಬ ಹಂಬಲವಲ್ಲ ಅದು; ಭೂತ ಭವಿಷ್ಯತ್ತುಗಳೇ ಅಳಿದು ಅನಂತತೆ ತೊಡಗುವುದೆಂಬ ವಿಶ್ವಾಸ. ಭಾಗಗಳು ಎಂಟೇಕೆಂಬುದನ್ನೂ ಅವರೇ ವಿವರಿಸಿದ್ದಾರೆ. ಸೃಷ್ಟಿಯ ಆರು ದಿನ, ವಿಶ್ರಾಂತಿಯ ಏಳನೆಯ ದಿನ; ಆ ವಿಶ್ರಾಂತಿ ಅನಂತತೆಗೆ ಚಾಚಿದಾಗ ಎಂಟನೆಯದಾಗುತ್ತದೆ. ಉಳಿದ ಮೂವರಲ್ಲಿ ಯಾರಿಗೂ ಮೆಸಿಯಾನರಷ್ಟು ಉತ್ಕಟವಾದ ವಿಶ್ವಾಸವಿರಲಿಲ್ಲ. ಕಥೋಲಿಕನು ಬರೆದ ಪ್ರಾರ್ಥನೆಗೆ ಯೆಹೂದ್ಯನು ಉಸಿರು ಕೊಟ್ಟನು. ಯಾರೂ ಯಾರನ್ನೂ ಬದಲಿಸಲು ಹೊರಟಂತೆ ಕಾಣುವುದಿಲ್ಲ. ಶ್ರುತಿ ಕೂಡಿದರೆ ಸಾಕಾಗಿತ್ತು.

1941ರ ಜನವರಿ 15ರ ಸಂಜೆ. ಹೊರಗೆ ಹಿಮ. ನಾಟಕಶಾಲೆಯಾಗಿ ಬಳಸುತ್ತಿದ್ದ ಮರದ ಮನೆಯಲ್ಲಿ ಸೆರೆಯಾಳುಗಳು ಒತ್ತೊತ್ತಾಗಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು. ಮೆಸಿಯಾನರ ಮೈಮೇಲೆ ಯಾವನೋ ಜೆಕ್ ಸೈನಿಕನ ಹಸಿರು ಉಡುಪು, ಕಾಲಿಗೆ ಮರದ ಪಾದರಕ್ಷೆ. ಪಿಯಾನೋ ಹಳೆಯದು, ಒತ್ತಿದ ಕೆಲವು ಮನೆಗಳು ಮೇಲೇಳುತ್ತಲೇ ಇರಲಿಲ್ಲ. ಮೆಸಿಯಾನ್ ಮೊದಲು ಕೃತಿಯ ಅರ್ಥವನ್ನು ತಿಳಿಸಿದರು. ಬಳಿಕ ಸುಮಾರು ಐವತ್ತು ನಿಮಿಷಗಳ ಆ ಸಂಗೀತ ನಡೆಯಿತು. ರೈತರು, ಕಾರ್ಮಿಕರು, ವೈದ್ಯರು, ಗುರುಗಳು ಎಲ್ಲರೂ ಆ ಸಭೆಯಲ್ಲಿದ್ದರು. ಅಂಥ ಸಂಗೀತವನ್ನು ಅವರಲ್ಲಿ ಬಹುಮಂದಿ ಎಂದೂ ಕೇಳಿರಲಿಲ್ಲ. ಎಲ್ಲರಿಗೂ ಹಿಡಿಸಿತೆಂದೂ ಹೇಳಲಾಗದು. ಆದರೂ ತನ್ನನ್ನು ಅಷ್ಟು ಏಕಾಗ್ರತೆಯಿಂದ ಬೇರೆ ಯಾರೂ ಕೇಳಿದ್ದಿಲ್ಲವೆಂದು ಮೆಸಿಯಾನ್ ಕೊನೆಯವರೆಗೂ ನೆನೆಯುತ್ತಿದ್ದರು.

ನೆನೆಯುವಾಗ ಸ್ವಲ್ಪ ಕೈಬಿಚ್ಚಿಯೇ ನೆನೆಯುತ್ತಿದ್ದರೆನ್ನಬೇಕು. ಕೇಳುಗರು ಐದು ಸಾವಿರವೆಂದೂ, ಚೆಲ್ಲೋಗೆ ಮೂರೇ ತಂತಿಗಳಿದ್ದುವೆಂದೂ ಅವರು ಹೇಳುತ್ತಿದ್ದರು. ಆ ಮನೆಯಲ್ಲಿ ಹಿಡಿಸುತ್ತಿದ್ದುದು ಕೆಲವು ನೂರು ಜನ ಮಾತ್ರ. ಚೆಲ್ಲೋ ನುಡಿಸಿದ ಪಾಸ್ಕಿಯೆಯಂತೂ ತಂತಿಗಳು ನಾಲ್ಕೂ ಇದ್ದುವೆಂದು ಕೊನೆಯವರೆಗೂ ಸಾಧಿಸಿದನು. ಮೂರು ತಂತಿಗಳಿಂದ ಆ ಕೃತಿಯನ್ನು ನುಡಿಸಲಾಗದೆಂಬುದು ನುಡಿಸುವವನಿಗೆ ಗೊತ್ತು. ಶತಮಾನೋತ್ಸವದ ವರ್ಷದಲ್ಲಿ ನಾವೂ ಹಿಂದಿನದನ್ನು ಹೇಳುವಾಗ ಅಲ್ಲೊಂದು ಸೊನ್ನೆ ಸೇರಿಸುತ್ತೇವೆ, ಇಲ್ಲೊಂದು ತಂತಿ ಕೀಳುತ್ತೇವೆ. ಸತ್ಯಕ್ಕೆ ಆ ಅಲಂಕಾರ ಬೇಕಾಗಿಲ್ಲ.

ಕಷ್ಟಕಾಲದ ಗೆಳೆತನಕ್ಕೆ ಮಿತಿಯೂ ಉಂಟು; ಅದನ್ನು ಮರೆಮಾಡಿ ಕಥೆ ಮುಗಿಸಿದರೆ ಮೋಸವಾದೀತು. ಕೆಲವೇ ವಾರಗಳಲ್ಲಿ, ಆಯುಧ ಹಿಡಿಯದ ಸಂಗೀತಗಾರ ಸೈನಿಕರೆಂಬ ಲೆಕ್ಕದಲ್ಲಿ ಮೆಸಿಯಾನರಿಗೂ ಪಾಸ್ಕಿಯೆಗೂ ಬಿಡುಗಡೆಯಾಯಿತು. ಅದಕ್ಕೆ ಬೇಕಾದ ಕಾಗದಪತ್ರಗಳನ್ನು ಕೂಡಿಸುವಲ್ಲಿ ಬ್ರೂಲನ ಕೈಯಿತ್ತು. ಆಲೂಗಡ್ಡೆಯಲ್ಲಿ ಕೊರೆದ ಕಳ್ಳಮುದ್ರೆಯನ್ನು ಒತ್ತಿದರೆಂಬ ಹೇಳಿಕೆಯೂ ಇದೆ. ಅಕೋಕಾನೂ ಅವರೊಡನೆ ಹೊರಡಬೇಕಾದವನೇ. ಕಡೆಯ ಗಳಿಗೆಯಲ್ಲಿ ಒಬ್ಬ ಅಧಿಕಾರಿ ಅವನು ಯೆಹೂದ್ಯನೆಂದು ಗುರುತಿಸಿ ಸಾಲಿನಿಂದ ಹೊರಗೆಳೆದನು. ಬಯಲಿನಲ್ಲಿ ಅವನ ಮುಂದೆ ಹಾಳೆ ಹಿಡಿದು ನಿಂತಿದ್ದ ಗೆಳೆಯನು ಈಗ ಮಾಡಬಹುದಾದುದು ಏನೂ ಇರಲಿಲ್ಲ. ಅವರು ಹೋದರು, ಅವನು ಉಳಿದನು.

ಅಕೋಕಾ ಸುಮ್ಮನೆ ಕೂರುವವನಲ್ಲ. ಅದೇ ವರ್ಷ ಸೆರೆಯಾಳುಗಳನ್ನು ಬೇರೆಡೆಗೆ ಸಾಗಿಸುತ್ತಿದ್ದಾಗ, ಕ್ಲಾರಿನೆಟ್ಟನ್ನು ಕಂಕುಳಲ್ಲಿ ಅವಚಿಕೊಂಡು ಓಡುವ ರೈಲಿನಿಂದ ಹಾರಿದನು. ಹೇಗೋ ಮಾರ್ಸೇಲ್ ನಗರ ತಲುಪಿ, ಅಲ್ಲಿಗೆ ಸ್ಥಳಾಂತರಗೊಂಡಿದ್ದ ತನ್ನ ವಾದ್ಯವೃಂದವನ್ನು ಕೂಡಿಕೊಂಡನು. ಅವನು ಬದುಕಿದನು, ಅವನ ತಂದೆಯನ್ನು ಆಶ್ವಿಟ್ಸ್‌ಗೆ ಒಯ್ದರು, ಅವರು ಹಿಂದಿರುಗಲಿಲ್ಲ. 1941ರ ಜೂನ್ 24ರಂದು ಪ್ಯಾರಿಸಿನಲ್ಲಿ ಈ ಕೃತಿ ಮೊದಲ ಬಾರಿಗೆ ನಡೆದಾಗ ಕ್ಲಾರಿನೆಟ್ ಹಿಡಿದವನು ಬೇರೊಬ್ಬ. ಪಿಟೀಲು ಹಿಡಿದವನು ಪಾಸ್ಕಿಯೆಯ ಅಣ್ಣ. ಲ ಬುಲೇರ್ ಇನ್ನೂ ಸೆರೆಯಲ್ಲಿದ್ದನು. ಬಿಡುಗಡೆಯಾಗಿ ಬಂದ ಮೇಲೆ ಅವನ ಬೆರಳುಗಳಿಗೆ ಹಿಂದಿನ ಚುರುಕು ಬರಲಿಲ್ಲ. ಯುದ್ಧ ಮುಗಿದಾಗ ಪಿಟೀಲನ್ನು ಕೆಳಗಿಟ್ಟು, ಹೆಸರನ್ನು ಬದಲಿಸಿಕೊಂಡು ನಟನಾದನು.

ಬ್ರೂಲನ ಸಂಗತಿಯನ್ನು ಹೇಳದೆ ಬಿಡೋಣವೇ ಎಂದೆಣಿಸಿದ್ದೆ. ಯುದ್ಧಾನಂತರ ಅವನು ಪ್ಯಾರಿಸಿಗೆ ಬಂದು ಮೆಸಿಯಾನರ ಮನೆಬಾಗಿಲಿಗೆ ಹೋದನಂತೆ. ಅವರು ತಮ್ಮನ್ನು ಕಾಣಲು ಇಚ್ಛಿಸುವುದಿಲ್ಲ ಎಂಬ ಉತ್ತರ ಬಾಗಿಲಲ್ಲೇ ಬಂತಂತೆ. ಹಿಂದಿನ ನೋವು ಕೆದಕುವುದೆಂಬ ಅಂಜಿಕೆಯೋ, ಬೇರೇನೋ ಅರಿಯೆವು. ಮುಂದೆ ಮೆಸಿಯಾನರೇ ಅವನನ್ನು ಹುಡುಕಿಸಿದಾಗ ಅವನು ತೀರಿಕೊಂಡಿದ್ದನು. ಸಂತನಂಥ ಸಂಗೀತಗಾರನೆಂದು ನಾವು ಗೌರವಿಸುವವರ ಬಾಳಿನಲ್ಲಿಯೂ ಹೀಗೊಂದು ತೆರೆಯದ ಬಾಗಿಲಿದೆ.

ನಮ್ಮ ಕಷ್ಟಕಾಲವನ್ನೂ ತಾವು ಮರೆತಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಗಾನವೃಂದಗಳು ಮೂಕವಾದವು. ಮದುವೆಗೆ, ಹಬ್ಬಕ್ಕೆ ವಾದ್ಯ ನುಡಿಸಿ ಬದುಕುವವರಿಗೆ, ನಾಟಕದವರಿಗೆ, ಯಕ್ಷಗಾನದ ಮೇಳದವರಿಗೆ ಕೆಲಸವೇ ನಿಂತುಹೋಯಿತು. ಆಗ ಒಬ್ಬ ತಬಲದವನ ಮನೆಗೆ ಒಂದು ಮೂಟೆ ಅಕ್ಕಿಯನ್ನು ಸದ್ದಿಲ್ಲದೆ ಇಳಿಸಿ ಹೋದವರುಂಟು. ಅವರ ಹೆಸರು ಹೇಳಿದರೆ ಅವರಿಗೇ ಇಷ್ಟವಾಗದು.

ಜ್ಗೊಜೆಲೆಟ್ಸಿನ ಆ ಶಿಬಿರದ ನೆಲದಲ್ಲಿ ಈಗ ಒಂದು ಸ್ಮಾರಕ ಕೇಂದ್ರವಿದೆ. ವರ್ಷವರ್ಷವೂ ಜನವರಿ 15ರಂದು ಅದೇ ಕೃತಿಯನ್ನು ಅಲ್ಲಿ ನುಡಿಸುವ ಪದ್ಧತಿ ಬೆಳೆದುಬಂದಿದೆ. ಮೆಸಿಯಾನರ ಕಾಲದ ನಂತರ ಅಲ್ಲಿಗೆ ತಂದ ಸೋವಿಯತ್ ಸೆರೆಯಾಳುಗಳ ಪಾಡು ಫ್ರೆಂಚರದಕ್ಕಿಂತ ಬಹಳ ಘೋರವಾಗಿತ್ತು. ಅವರ ಗೋರಿಗಳೂ ಅಲ್ಲೇ ಇವೆ.

ಮಾತು ಇಷ್ಟು ಸಾಕು. ಸಮಿತಿಯವರು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದ್ದಾರೆ. ಐದನೆಯ ಭಾಗವನ್ನು ಮಾತ್ರ ಕೇಳೋಣ. ಯೇಸುಸ್ವಾಮಿಯ ಅನಂತತೆಯ ಸ್ತುತಿ ಅದು. ಚೆಲ್ಲೋ ಮತ್ತು ಪಿಯಾನೋ ಎರಡೇ ವಾದ್ಯಗಳು. ಪಿಯಾನೋ ಒಂದೇ ಸಮನೆ ಮೆಲ್ಲಗೆ ಮಿಡಿಯುತ್ತಿರುತ್ತದೆ. ಅದರ ಮೇಲೆ ಚೆಲ್ಲೋ ಬಹಳ ನಿಧಾನವಾಗಿ, ಮುಗಿಸುವ ಆತುರವೇ ಇಲ್ಲದಂತೆ ಹಾಡುತ್ತದೆ. ಕಮಾನನ್ನು ಅಷ್ಟು ನಿಧಾನವಾಗಿ ಎಳೆಯುವುದು ಎಷ್ಟು ಕಷ್ಟವೆಂದು ನಮ್ಮ ಪಿಟೀಲಿನ ಹುಡುಗರು ಗಮನಿಸಲಿ. ಸುಮಾರು ಎಂಟು ನಿಮಿಷ ಆಗಬಹುದು. ಬಾಗಿಲ ಬಳಿ ನಿಂತಿರುವವರು ದಯವಿಟ್ಟು ಒಳಗೆ ಬಂದು ಕುಳಿತುಕೊಳ್ಳಬೇಕು. ಮುಂದಿನ ಬೆಂಚುಗಳಲ್ಲಿ ಇನ್ನೂ ಸ್ಥಳವಿದೆ.