ಕ್ಯೂನಲ್ಲಿ ನಿಂತ ಮಕ್ಕಳು

ಇವತ್ತು ಒಂದು ಹುಟ್ಟುಹಬ್ಬದ ಬಗ್ಗೆ ಮಾತಾಡ್ತೀನಿ. ನಮ್ಮ ದೊಡ್ಡಪ್ಪನ ಮೊಮ್ಮಗಳದ್ದು. ಮೂರು ವರ್ಷದ ಮಗುವಾಗಿದ್ದಾಗ ಅಪ್ಪ-ಅಮ್ಮನ ಜೊತೆ ದಾವಣಗೆರೆಯಿಂದ ಅಮೆರಿಕಕ್ಕೆ ಹೋದವಳು. ಬರೋ ಆಗಸ್ಟ್‌ಗೆ ಅವಳಿಗೆ 21 ತುಂಬುತ್ತೆ. ನಮ್ಮಲ್ಲಾದರೆ ಕೇಕು, ಫೋಟೊ, ಸ್ಟೇಟಸ್ಸು. ಅವರ ಮನೆಯಲ್ಲಿ ಆ ತಾರೀಕಿನ ಮಾತೆತ್ತಿದರೆ ಎಲ್ಲರೂ ಸುಮ್ಮನಾಗ್ತಾರೆ.

ಕಾರಣ ಇದೆ. ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ, ಅವತ್ತು ಇದೇ ಕುರ್ಚಿಯಲ್ಲಿ ಕೂತು ನಾನೊಂದು ಮಾತು ಹೇಳಿದ್ದೆ: "ಕಾನೂನು ಪ್ರಕಾರ ಹೋದವರಿಗೆ ಯಾವ ಭಯವೂ ಇಲ್ಲ." ಕಾರ್ಯಕ್ರಮ ಮುಗಿಸಿ ಫೋನ್ ನೋಡಿದರೆ ಅವಳ ಮೆಸೇಜು. "ಚಿಕ್ಕಪ್ಪ, ನಾವು ಕಾನೂನು ಪ್ರಕಾರಾನೇ ಬಂದಿದ್ದು."

ಇಂಜಿನಿಯರಿಂಗ್ ಓದಿದವನು ನಾನು. ನನ್ನ ಕ್ಲಾಸಿನ ಎಷ್ಟೋ ಹುಡುಗರು ಅಮೆರಿಕದಲ್ಲೇ ಇದ್ದಾರೆ. ಎಚ್-1ಬಿ, ಗ್ರೀನ್ ಕಾರ್ಡ್ ಅನ್ನೋ ಪದಗಳನ್ನು ಕೇಳಿಕೊಂಡೇ ಬೆಳೆದವರು ನಾವು. ಆದರೂ ಆ ಮನೆಗಳ ಮಕ್ಕಳ ಸ್ಥಿತಿ ಏನು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಲೆಕ್ಕ ನೋಡಿ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1 ಲಕ್ಷ 40 ಸಾವಿರ. ಹೆಂಡತಿ, ಮಕ್ಕಳೂ ಆ ಲೆಕ್ಕದಲ್ಲೇ. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲ್ಯಾಂಡ್‌ಗೂ ಅದೇ ಮಿತಿ, ಭಾರತಕ್ಕೂ ಅದೇ. ಹಾಗಾಗಿ ನಮ್ಮವರ ಕ್ಯೂ ಹತ್ತು ವರ್ಷ ದಾಟಿದರೂ ಮುಗಿಯಲ್ಲ. ಅಪ್ಪ ಕ್ಯೂನಲ್ಲಿ ಇರುವಾಗಲೇ ಮಗಳಿಗೆ 21 ತುಂಬಿದರೆ, ಕಾನೂನಿನ ಕಣ್ಣಲ್ಲಿ ಅವಳು ಅವನ ಮೇಲೆ ಅವಲಂಬಿತಳಾದ 'ಮಗು' ಅಲ್ಲ. ಎಚ್-4 ವೀಸಾ ಅಲ್ಲಿಗೆ ಮುಗೀತು.

ಮುಂದೇನು? ವಿದ್ಯಾರ್ಥಿ ವೀಸಾ ತಗೋಬೇಕು, ಇಲ್ಲಾ ದೇಶ ಬಿಡಬೇಕು. ವಿದ್ಯಾರ್ಥಿ ವೀಸಾಕ್ಕೆ ಒಂದು ಷರತ್ತಿದೆ: ನನ್ನ ಮನೆ ಹೊರದೇಶದಲ್ಲಿದೆ, ಓದು ಮುಗಿದ ಮೇಲೆ ಅಲ್ಲಿಗೆ ಹೋಗ್ತೀನಿ ಅಂತ ಅಧಿಕಾರಿಗೆ ನಂಬಿಸಬೇಕು. ಒಂದನೇ ಕ್ಲಾಸಿಂದ ಅಮೆರಿಕದಲ್ಲೇ ಓದಿದ ಹುಡುಗಿ, ತನ್ನ ಮನೆ ದಾವಣಗೆರೆ ಅಂತ ಸಾಬೀತು ಮಾಡಬೇಕು! ಕನ್ನಡ ಓದೋಕೂ ಬರಲ್ಲ ಅವಳಿಗೆ.

ಹಾಗಾದರೆ ಅಲ್ಲಿ ಬೆಳೆದ ಮಕ್ಕಳಿಗೆ ಯಾವ ರಕ್ಷಣೆಯೂ ಇಲ್ಲವಾ? ಇದೆ. ಒಬಾಮಾ ಸರ್ಕಾರ 2012ರ ಜೂನ್ 15ರಂದು ತಂದ 'ಡಾಕಾ'. ಬಾಲ್ಯದಲ್ಲೇ ಬಂದು ಕಾಗದಪತ್ರ ಇಲ್ಲದೆ ಬೆಳೆದವರಿಗೆ ಗಡೀಪಾರಿನಿಂದ ತಾತ್ಕಾಲಿಕ ಬಿಡುವು, ಕೆಲಸದ ಪರವಾನಗಿ. ಆದರೆ ಆ ದಿನ ಅರ್ಜಿದಾರರ ಬಳಿ ಕಾನೂನುಬದ್ಧ ವೀಸಾ ಇರಬಾರದಿತ್ತು. ಇವಳ ಬಳಿ ಇತ್ತು. ಕಾಗದ ಸರಿಯಾಗಿ ಇಟ್ಟುಕೊಂಡಿದ್ದೂ ಒಂದು ಅಡ್ಡಿಯಾಯ್ತು.

ಆ ಡಾಕಾ ಕೂಡ ತಾನಾಗಿ ಬಂದಿದ್ದಲ್ಲ. 2010ರ ಜನವರಿ 1ರಂದು ನಾಲ್ವರು ವಿದ್ಯಾರ್ಥಿಗಳು ಮಯಾಮಿಯಿಂದ ವಾಷಿಂಗ್ಟನ್‌ಗೆ ನಡೆದು ಹೊರಟರು. ಸುಮಾರು 2,400 ಕಿಲೋಮೀಟರ್. ಸಿಕ್ಕಿಬಿದ್ದರೆ ಗಡೀಪಾರು ಅಂತ ಗೊತ್ತಿದ್ದೂ ಇಂಥ ಎಷ್ಟೋ ವಿದ್ಯಾರ್ಥಿಗಳು ಬೀದಿಗೆ ಬಂದು ತಮ್ಮ ಹೆಸರು ಹೇಳಿದರು. 'ಯುನೈಟೆಡ್ ವಿ ಡ್ರೀಮ್' ಥರದ ಸಂಘಟನೆಗಳು ಅವರನ್ನೆಲ್ಲ ಒಟ್ಟುಗೂಡಿಸಿದವು. ಆ ವರ್ಷ ಡಿಸೆಂಬರ್‌ನಲ್ಲಿ ಡ್ರೀಮ್ ಮಸೂದೆಗೆ ಸೆನೆಟ್‌ನಲ್ಲಿ ಬೇಕಿದ್ದದ್ದು 60 ಮತ, ಬಿದ್ದದ್ದು 55. ಸೋತರು. ಮನೆಗೆ ಹೋಗಲಿಲ್ಲ. ಒಂದೂವರೆ ವರ್ಷದಲ್ಲಿ ಡಾಕಾ ಬಂತು.

ನಮ್ಮವರು ಆಗ ಏನು ಮಾಡ್ತಿದ್ರು? "ಅವರು ಅಕ್ರಮ, ನಾವು ಸಕ್ರಮ" ಅಂತ ದೂರ ನಿಂತಿದ್ದೆವು. ಮನೆಯಲ್ಲಿ ಮಕ್ಕಳಿಗೂ ಅದೇ ಪಾಠ: ಯಾರ ಹತ್ತಿರಾನೂ ಬಾಯಿ ಬಿಡಬೇಡ, ಫೈಲಿಗೆ ತೊಂದರೆ ಆಗುತ್ತೆ.

ಆ ಮೌನ ಮುರಿದವರು ಮಕ್ಕಳೇ. 2017ರಲ್ಲಿ ದೀಪ್ ಪಟೇಲ್ ಎಂಬ ಯುವಕ 'ಇಂಪ್ರೂವ್ ದಿ ಡ್ರೀಮ್' ಶುರು ಮಾಡಿದರು. ತಮ್ಮಂಥವರು ಎರಡು ಲಕ್ಷಕ್ಕೂ ಹೆಚ್ಚು ಇದ್ದಾರೆ ಅನ್ನೋದು ಆ ಸಂಘಟನೆಯ ಲೆಕ್ಕ. ಓದುವ ಹುಡುಗ ಹುಡುಗಿಯರು ಸಂಸದರ ಕಚೇರಿಗೆ ಹೋಗಿ ತಮ್ಮ ಕತೆ ಹೇಳ್ತಾರೆ. 2021ರಲ್ಲಿ ಅವರಿಗಾಗಿ ಮಸೂದೆ ಬಂತು. ಸೆನೆಟ್‌ನಲ್ಲಿ ಮಂಡಿಸಿದವರು ಡೆಮಾಕ್ರಟಿಕ್ ಪಕ್ಷದ ಅಲೆಕ್ಸ್ ಪಡಿಲಾ, ರಿಪಬ್ಲಿಕನ್ ಪಕ್ಷದ ರ್‍ಯಾಂಡ್ ಪಾಲ್. ಎರಡೂ ಕಡೆಯವರು ಕೈ ಜೋಡಿಸಿದರೂ ಅದಿನ್ನೂ ಕಾನೂನಾಗಿಲ್ಲ.

ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನಿಸೋ ಹಕ್ಕು ಪ್ರತಿ ದೇಶಕ್ಕೂ ಇದೆ. ಒಪ್ಪೋಣ. ಆದರೆ ಕ್ಯೂ ಮಾಡಿದ್ದು ಸರ್ಕಾರ, ನಿಧಾನ ಮಾಡಿದ್ದೂ ಸರ್ಕಾರ. ಆ ನಿಧಾನಕ್ಕೆ ದಂಡ ಕಟ್ಟಬೇಕಾದವರು ಮಕ್ಕಳಾ?

ಕಳೆದ ತಿಂಗಳು ಅವಳು ಆ ಸಂಘಟನೆಯ ಜೊತೆ ವಾಷಿಂಗ್ಟನ್‌ಗೆ ಹೊರಟಳು. ನಮ್ಮಣ್ಣ ಬೇಡ ಅಂದ. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ತಾನೇ ಕಾರು ತೆಗೆದು ಏರ್‌ಪೋರ್ಟ್‌ಗೆ ಬಿಟ್ಟು ಬಂದನಂತೆ. "ಈ ಮಾತು ನಾನು ಆಡಬೇಕಿತ್ತು ಕಣೋ, ಅವಳ ಕೈಲಿ ಆಡಿಸ್ತಿದೀನಿ" ಅಂದ ಫೋನಲ್ಲಿ.

ಆಗಸ್ಟ್ ಬರ್ತಾ ಇದೆ. ಅವಳ ವಿದ್ಯಾರ್ಥಿ ವೀಸಾ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಫೆಬ್ರುವರಿಯಲ್ಲಿ ನಾನು ಆಡಿದ ಆ ಮಾತನ್ನು, ಆಡಿದ ಜಾಗದಲ್ಲೇ ಕೂತು, ಇವತ್ತು ವಾಪಸ್ ತಗೋತಿದ್ದೀನಿ.